ಹುಕ್ ನಾರ್ಟನ್‌ನ ಬಿಯರ್ ಗೋಪುರ

ಬ್ಯಾನ್‌ಬರಿಯಿಂದ ಹೊರಟ ಬಸ್ಸು ಸಣ್ಣ ಸಣ್ಣ ಹಳ್ಳಿಗಳನ್ನು ಬಳಸಿಕೊಂಡು ಹುಕ್ ನಾರ್ಟನ್‌ಗೆ ಬರುತ್ತದೆ. ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನ ಉತ್ತರ ಭಾಗ ಇದು. ಮನೆಗಳೆಲ್ಲ ಕಂದು ಕಲ್ಲಿನವು. ಆ ಕಲ್ಲಿನಲ್ಲಿ ಕಬ್ಬಿಣದ ಅಂಶ ಇದೆ. ಒಂದು ಕಾಲದಲ್ಲಿ ಇಲ್ಲಿ ಅದಿರನ್ನೇ ಅಗೆದು ಸಾಗಿಸುತ್ತಿದ್ದರು. ಊರಿನ ಪಶ್ಚಿಮದ ಕೊನೆಯಲ್ಲಿ ಬ್ರೂವರಿ ಲೇನ್ ಅಂತ ಒಂದು ಕಿರಿದಾದ ದಾರಿ ಇದೆ. ಪೇರ್ ಟ್ರೀ ಎಂಬ ಪಬ್ಬನ್ನು ದಾಟಿ ಅದರಲ್ಲಿ ಸ್ವಲ್ಪ ನಡೆದರೆ ಬ್ರೂವರಿ, ಅಂದರೆ ಬಿಯರ್ ತಯಾರಿಸುವ ಕಾರ್ಖಾನೆ, ಎದುರಾಗುತ್ತದೆ.

ಇಷ್ಟು ಚಿಕ್ಕ ಊರಿಗೆ ಇಂಥ ಕಟ್ಟಡವೇ ಅನ್ನಿಸುವಷ್ಟು ಎತ್ತರ ಅದು. ಒಂದು ಕಡೆ ಇಟ್ಟಿಗೆ, ಇನ್ನೊಂದು ಕಡೆ ಊರಿನದೇ ಕಂದು ಕಲ್ಲು, ಮೇಲೆ ಮರದ ಹಲಗೆ, ಕರಿ ಸ್ಲೇಟಿನ ಚಾವಣಿ. ಅಂತಸ್ತಿನ ಮೇಲೆ ಅಂತಸ್ತು ಹತ್ತಿಕೊಂಡು ಹೋಗಿದೆ. ವಿಲಿಯಂ ಬ್ರಾಡ್‌ಫರ್ಡ್ ಎಂಬ ವಾಸ್ತುಶಿಲ್ಪಿಯ ಕೆಲಸ ಇದು. ಸಸೆಕ್ಸ್‌ನ ಲೂಯಿಸ್ ಊರಿನ ಹಾರ್ವೀಸ್ ಬ್ರೂವರಿಯ ಗೋಪುರವೂ ಅವನದೇ. ಹುಕ್ ನಾರ್ಟನ್‌ನದು ಸಿದ್ಧವಾಗಿದ್ದು 1900ರಲ್ಲಿ. ಕಾರ್ಖಾನೆಯನ್ನೂ ಚೆಂದವಾಗಿ ಕಟ್ಟಬೇಕು ಅಂತ ಆ ಕಾಲದ ಒಬ್ಬ ಮಾಲೀಕನಿಗೆ ಅನ್ನಿಸಿತ್ತಲ್ಲ, ಅದು ನನಗೆ ತುಂಬಾ ಇಷ್ಟವಾಯಿತು.

ಕಥೆ ಶುರುವಾಗುವುದು 1849ರಲ್ಲಿ. ಜಾನ್ ಹ್ಯಾರಿಸ್ ಎಂಬ ರೈತ ಇಲ್ಲಿ ತೋಟದ ಮನೆ ಹಿಡಿದು ಬಾರ್ಲಿಯನ್ನು ಮೊಳಕೆ ಬರಿಸಿ ಮಾಲ್ಟ್ ಮಾಡತೊಡಗಿದ. ಆಮೇಲೆ ಬಿಯರಿಗೂ ಕೈ ಹಾಕಿದ. ಅಷ್ಟರಲ್ಲಿ ಬ್ಯಾನ್‌ಬರಿಯಿಂದ ಚೆಲ್ಟನ್‌ಹ್ಯಾಮ್ ಕಡೆಗೆ ರೈಲು ಹಾದಿ ಹಾಕುವ ಕೆಲಸ ಬಂತು. ಊರಿನ ಪಕ್ಕದ ಕಣಿವೆ ದಾಟಲು ಎತ್ತರದ ಸೇತುವೆಗಳು ಬೇಕಾದವು. ಮಣ್ಣು ಅಗೆಯುವ, ಕಲ್ಲು ಹೊರುವ ಕೂಲಿಗಳು ಗುಂಪು ಗುಂಪಾಗಿ ಬಂದರು. ಅವರ ಹಿಂದೆಯೇ ಅದಿರು ಗಣಿಯ ಕೆಲಸದವರು. ಅವರೆಲ್ಲರ ಬಾಯಾರಿಕೆಯೇ ಈ ಬ್ರೂವರಿಯನ್ನು ಬೆಳೆಸಿತು. ರೈಲು ಎಂದೋ ನಿಂತುಹೋಗಿದೆ. ಸೇತುವೆಯ ಕಂಬಗಳು ಮಾತ್ರ ಹೊಲಗಳ ನಡುವೆ ಇನ್ನೂ ನಿಂತಿವೆ. ಬ್ರೂವರಿ ಇವತ್ತಿಗೂ ಹ್ಯಾರಿಸ್ ವಂಶದವರ ಕೈಯಲ್ಲೇ ಇದೆ.

ನನ್ನ ಜೊತೆ ಬಂದಿದ್ದು ಆಕ್ಸ್‌ಫರ್ಡ್‌ನಲ್ಲಿರುವ ನಮ್ಮ ಭಾವ. ಒಳಗೆ ತೋರಿಸಲು ಬ್ರೂವರಿಯವರೇ ಒಬ್ಬರು ಬರುತ್ತಾರೆ, ಮೊದಲೇ ಬುಕ್ ಮಾಡಿರಬೇಕು. ಕಡಿದಾದ ಮೆಟ್ಟಿಲು ಹತ್ತಿ ಮೇಲೆ ಹೋಗಿ, ಅಲ್ಲಿಂದ ಕೆಳಗಿಳಿಯುತ್ತಾ ನೋಡಿದರೆ ಎಲ್ಲ ಸಲೀಸಾಗಿ ಅರ್ಥವಾಗುತ್ತದೆ. ಯಾಕೆಂದರೆ ಬಿಯರ್ ಕೂಡ ಹಾಗೇ ಇಳಿಯುತ್ತದೆ. ನೀರನ್ನೂ ಮಾಲ್ಟನ್ನೂ ಒಂದು ಸಲ ಮೇಲಕ್ಕೆ ಸಾಗಿಸಿಬಿಟ್ಟರೆ ಮುಕ್ಕಾಲು ಕೆಲಸ ಮುಗಿದಂತೆ. ಪುಡಿ ಮಾಡಿದ ಮಾಲ್ಟು ಬಿಸಿನೀರಿಗೆ ಬೀಳುತ್ತದೆ. ಸುಮಾರು 65 ಡಿಗ್ರಿಯಲ್ಲಿ ಒಂದು ಗಂಟೆಗೂ ಹೆಚ್ಚು ನೆನೆದು ಅದರ ಹಿಟ್ಟೆಲ್ಲ ಸಕ್ಕರೆಯಾಗುತ್ತದೆ. ಆ ಸಿಹಿ ನೀರು ಕೆಳಗಿನ ಹಂಡೆಗೆ ಇಳಿದು, ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವಿನ ಜೊತೆ ಕುದಿಯುತ್ತದೆ. ತಣಿದ ಮೇಲೆ ಇನ್ನೂ ಕೆಳಗಿಳಿದು ಯೀಸ್ಟ್ ಸೇರಿ ಹುದುಗುತ್ತದೆ. ಹಳೆಯ ಕಾಲದ ಇಂಥ ಗೋಪುರಗಳಲ್ಲಿ ಪಂಪಿನ ಕೆಲಸವನ್ನು ಭೂಮಿಯ ಸೆಳೆತವೇ ಮಾಡುತ್ತಿತ್ತು.

ಮಾಲ್ಟು ನೆನೆಯುವ ಕೋಣೆಯ ಬಾಗಿಲಲ್ಲಿ ಭಾವ ನಿಂತುಬಿಟ್ಟರು. "ಇದು ನಮ್ಮನೆ ರಾಗಿ ಮಾಲ್ಟಿನ ವಾಸನೆ ಅಲ್ವಾ?" ಅಂದರು. ನಿಜ, ಹಾಗೇ ಇತ್ತು. ರಾಗಿ ಆಗಲಿ ಬಾರ್ಲಿ ಆಗಲಿ, ಮೊಳಕೆ ಬರಿಸಿ ಹುರಿದ ಧಾನ್ಯಕ್ಕೆ ಬಿಸಿನೀರು ಬಿದ್ದಾಗ ಏಳುವ ಪರಿಮಳ ಅದು. ಇಲ್ಲಿ ಬಳಸುವುದು ಮ್ಯಾರಿಸ್ ಆಟರ್ ಎಂಬ ಬಾರ್ಲಿ ತಳಿ. ಇಳುವರಿ ಕಡಿಮೆ ಅಂತ ಎಷ್ಟೋ ರೈತರು ಇದನ್ನು ಕೈಬಿಟ್ಟರು. ಆದರೆ ರುಚಿಗಾಗಿ ಹಳೆಯ ಬ್ರೂವರಿಗಳು ಇದನ್ನೇ ಕೇಳುತ್ತವೆ.

ಕೆಳಗಿನ ಮನೆಯಲ್ಲಿ ಉಗಿ ಯಂತ್ರ ಇದೆ. ಬರ್ಟನ್ ಊರಿನ ಬಕ್ಸ್‌ಟನ್ ಅಂಡ್ ಥಾರ್ನ್ಲಿ ಕಂಪನಿ 1899ರಲ್ಲಿ ಮಾಡಿದ್ದು. 25 ಅಶ್ವಶಕ್ತಿ. ನೀರೆತ್ತುವುದು, ಮಾಲ್ಟ್ ಅರೆಯುವುದು, ಸಾಗಿಸುವುದು, ಎಲ್ಲಕ್ಕೂ ಬೆಲ್ಟು ಚಕ್ರಗಳ ಮೂಲಕ ಇದೊಂದೇ ಯಂತ್ರ ಶಕ್ತಿ ಕೊಡುತ್ತಿತ್ತು. ಈಗ ದಿನದ ಕೆಲಸ ಕರೆಂಟಿನಲ್ಲಿ ನಡೆಯುತ್ತದೆ. ಯಂತ್ರ ಮಾತ್ರ ಕೆಡದ ಹಾಗೆ ನೋಡಿಕೊಂಡಿದ್ದಾರೆ, ಆಗಾಗ ಓಡಿಸುತ್ತಾರೆ ಕೂಡ. ಹೊರಗಿನ ಲಾಯದಲ್ಲಿ ಶೈರ್ ಕುದುರೆಗಳಿವೆ. ಗೊರಸಿನ ಮೇಲೆ ದಟ್ಟ ಕೂದಲು, ನನ್ನ ತಲೆಗಿಂತ ಎತ್ತರದ ಭುಜ. ಹತ್ತಿರದ ಪಬ್ಬುಗಳಿಗೆ ಪೀಪಾಯಿ ಹೊತ್ತ ಗಾಡಿಯನ್ನು ಇವು ಈಗಲೂ ಎಳೆಯುತ್ತವೆ. ಬರೀ ಪ್ರದರ್ಶನಕ್ಕಾದರೂ ಇರಲಿ ಬಿಡಿ, ಇಂಥ ಕುದುರೆಯನ್ನು ಸಾಕುವವರು ಇನ್ನೂ ಇದ್ದಾರೆ ಅನ್ನುವುದೇ ಸಂತೋಷ.

ಇನ್ನು ಬಿಯರಿನ ವಿಷಯ. ನಮ್ಮ ಬೆಂಗಳೂರಿನ ಲೆಕ್ಕದಲ್ಲಿ ಬಿಯರ್ ಅಂದರೆ ಗ್ಲಾಸಿನ ಹೊರಗೆ ನೀರು ಕಟ್ಟುವಷ್ಟು ತಣ್ಣಗಿರಬೇಕು, ಗ್ಯಾಸು ಮೂಗಿಗೆ ಹತ್ತಬೇಕು. ಇಲ್ಲಿಯದು ಪೀಪಾಯಿ ಬಿಯರ್. ಅದರೊಳಗೆ ಯೀಸ್ಟ್ ಇನ್ನೂ ಜೀವಂತ. ಪಬ್ಬಿನ ನೆಲಮಾಳಿಗೆಯಲ್ಲಿ ಅದು ಕೊನೆಯ ಸುತ್ತು ಹುದುಗಿ, ತಿಳಿಯಾಗಿ, ಆಮೇಲೆ ಕೈಪಂಪಿನಲ್ಲಿ ಗ್ಲಾಸಿಗೆ ಬರುತ್ತದೆ. 11ರಿಂದ 13 ಡಿಗ್ರಿ ತಂಪು. ಮೆತ್ತಗಿನ ಗ್ಯಾಸು. ಮೊದಲ ಗುಟುಕಿಗೆ ಸಪ್ಪೆ ಅನ್ನಿಸಬಹುದು. ದಯವಿಟ್ಟು ಅಲ್ಲಿಗೇ ನಿಲ್ಲಿಸಬೇಡಿ. ತೀರಾ ತಣ್ಣಗಿದ್ದರೆ ನಾಲಿಗೆ ಜಡವಾಗುತ್ತದೆ, ಇಲ್ಲಿ ಆ ತೊಂದರೆ ಇಲ್ಲ. ಧಾನ್ಯದ ರುಚಿ ಒಂದೊಂದಾಗಿ ಬಿಚ್ಚಿಕೊಳ್ಳುತ್ತದೆ.

ಮೊದಲು ಹುಕಿ ಎಂಬ ಇಲ್ಲಿಯದೇ ಬಿಯರ್ ಕುಡಿದೆವು. ಶೇಕಡ 3.5ರ ಆಸುಪಾಸಿನ ಆಲ್ಕೋಹಾಲು, ಅಷ್ಟೇ. ನಮ್ಮಲ್ಲಿ ಸ್ಟ್ರಾಂಗ್ ಬಿಯರ್ ಕೇಳುವವರು ಇದನ್ನು ನೋಡಿ ಮೂಗು ಮುರಿಯುತ್ತಾರೆ. ನನಗೆ ಇಡೀ ಬ್ರೂವರಿಯ ಜಾಣತನ ಕಂಡಿದ್ದು ಇದರಲ್ಲೇ. ಇಷ್ಟು ಕಡಿಮೆ ಮಾಲ್ಟಿನಲ್ಲಿ ಇಷ್ಟು ರುಚಿ ತುಂಬುವುದು ಸುಲಭ ಅಲ್ಲ. ಮೊದಲು ತೆಳು ಸಿಹಿ, ನಡುವೆ ಬಿಸ್ಕತ್ತಿನ ರುಚಿ, ಕೊನೆಯಲ್ಲಿ ಒಣ ಕಹಿ. ಆ ಕಹಿ ಬಾಯಿ ಒಣಗಿಸಿ ಇನ್ನೊಂದು ಗುಟುಕಿಗೆ ಕರೆಯುತ್ತದೆ. ದಿನವಿಡೀ ಮಣ್ಣು ಅಗೆದವರು ಸಂಜೆ ಹರಟುತ್ತಾ ಪೈಂಟ್ ಮೇಲೆ ಪೈಂಟ್ ಕುಡಿಯಬೇಕಿತ್ತು, ಬೆಳಿಗ್ಗೆ ಮತ್ತೆ ಕೆಲಸಕ್ಕೆ ಹೋಗಬೇಕಿತ್ತು. ಒಂದು ಪೈಂಟ್ ಅಂದರೆ 568 ಮಿಲಿ. ಅವರಿಗೆ ಇಂಥದ್ದೇ ಬೇಕಿತ್ತು ಅಂತ ಕುಡಿದಾಗ ಗೊತ್ತಾಗುತ್ತದೆ.

ಹುಕಿ ಗೋಲ್ಡ್ ತಿಳಿ ಬಣ್ಣದ್ದು, ಹೂವಿನ ವಾಸನೆ ಜಾಸ್ತಿ. ಬೇಸಿಗೆಗೆ ಒಳ್ಳೆಯದು. ನನಗೆ ಮನಸ್ಸಿನಲ್ಲಿ ಉಳಿಯಲಿಲ್ಲ.

ಓಲ್ಡ್ ಹುಕಿ ಉಳಿಯಿತು. ಶೇಕಡ 4.6. ತಾಮ್ರದ ಬಣ್ಣ. ಮೂಗಿನ ಹತ್ತಿರ ತಂದರೆ ಒಣದ್ರಾಕ್ಷಿ, ಸ್ವಲ್ಪ ಸುಟ್ಟ ಸಕ್ಕರೆ. ಬಾಯಲ್ಲಿ ತುಂಬಿಕೊಂಡು ನಿಧಾನವಾಗಿ ಇಳಿಯುತ್ತದೆ, ಸಿಹಿ ಅತಿಯಾಗುವ ಮೊದಲೇ ಹಾಪ್ಸ್ ಬಂದು ತಡೆಯುತ್ತದೆ. ಭಾವ ಮಾತು ಕಮ್ಮಿ ಮಾಡಿದರು. "ಇದೊಂದಕ್ಕೇ ಬರಬಹುದಿತ್ತು ಕಣೋ" ಅಂದರು ಆಮೇಲೆ. ಡಬಲ್ ಸ್ಟೌಟ್ ಕಪ್ಪಗಿನದು, ಶೇಕಡ 4.8. ಹುರಿದ ಧಾನ್ಯದ ಘಾಟು, ಕಾಫಿಪುಡಿಯ ಕಹಿ. ಅದನ್ನು ಕೊನೆಗೇ ಕುಡಿಯಬೇಕು, ಇಲ್ಲದಿದ್ದರೆ ಉಳಿದದ್ದೆಲ್ಲ ನೀರು ಅನ್ನಿಸುತ್ತದೆ.

ಇದೇ ಓಲ್ಡ್ ಹುಕಿಯನ್ನು ಬೇರೊಂದು ಊರಿನ ಪಬ್ಬಿನಲ್ಲಿ ಕುಡಿದಾಗ ಹುಳಿಯಾಗಿತ್ತು. ತಪ್ಪು ಬಿಯರಿನದಲ್ಲ. ಪೀಪಾಯಿಯನ್ನು ಒಮ್ಮೆ ತೆರೆದ ಮೇಲೆ ಗಾಳಿ ಒಳಗೆ ಹೋಗುತ್ತದೆ, ಮೂರು ದಿನದೊಳಗೆ ಖಾಲಿಯಾಗಬೇಕು. ಗಿರಾಕಿ ಕಡಿಮೆ ಇರುವ ಕಡೆ ಅದು ಹಾಗೇ ಕೆಡುತ್ತದೆ. ಅದಕ್ಕೇ ಹೇಳುವುದು, ಇದನ್ನು ಬ್ರೂವರಿಯ ಹತ್ತಿರವೇ, ಜನ ತುಂಬಿದ ಪಬ್ಬಿನಲ್ಲೇ ಕುಡಿಯಿರಿ. ಹುಳಿ ಬಂದಿದ್ದರೆ ಸಂಕೋಚ ಬೇಡ, ಹೇಳಿದರೆ ಬದಲಿಸಿ ಕೊಡುತ್ತಾರೆ. ಸಸ್ಯಾಹಾರಿಗಳಿಗೆ ಇನ್ನೊಂದು ಮಾತು. ಇಂಗ್ಲೆಂಡಿನ ಬಹಳಷ್ಟು ಪೀಪಾಯಿ ಬಿಯರುಗಳನ್ನು ತಿಳಿಗೊಳಿಸಲು ಮೀನಿನ ಗಾಳಿಚೀಲದಿಂದ ತೆಗೆದ ಅಂಟನ್ನು ಹಾಕುವ ಪದ್ಧತಿ ಇದೆ. ಬೇಡ ಅನ್ನುವವರು ಕೇಳಿಕೊಂಡು ಕುಡಿಯುವುದು ಒಳ್ಳೆಯದು.

ಹೊರಡುವ ಮೊದಲು ಅಂಗಡಿಯಲ್ಲಿ ಓಲ್ಡ್ ಹುಕಿಯ ಬಾಟಲಿಗಳನ್ನು ಕೊಂಡೆವು. ಬಾಟಲಿಯದರಲ್ಲಿ ಗ್ಯಾಸು ಜಾಸ್ತಿ, ಆ ಮೆತ್ತಗಿನ ಗುಣ ಇರುವುದಿಲ್ಲ ಅಂತ ಗೊತ್ತಿತ್ತು. ಬಸ್ಸಿಗೆ ಇನ್ನೂ ಹೊತ್ತಿತ್ತು. ಪೇರ್ ಟ್ರೀಗೆ ಹೋಗಿ ಇನ್ನೊಂದೊಂದು ಪೈಂಟ್ ಹುಕಿ ತೆಗೆದುಕೊಂಡೆವು.