ಬೇಲೂರಿನ ಬೇಟೆಗಾತಿ: ಕಾಮಿಕ್ ಕಾನ್‌ಗೆ ಒಂದು ಹೊಯ್ಸಳ ಉಡುಗೆ

ಕಾಮಿಕ್ಸ್, ಸಿನಿಮಾ ಪಾತ್ರಗಳ ವೇಷ ಹಾಕಿಕೊಂಡು ಜನ ಸೇರುವ ಬೆಂಗಳೂರಿನ ಕಾಮಿಕ್ ಕಾನ್‌ಗೆ ಈ ಸಲ ಬೇಲೂರಿನ ಮದನಿಕೆಯಾಗಿ, ಅಂದರೆ ದೇವಸ್ಥಾನದ ಸುಂದರಿಯರ ಶಿಲ್ಪಗಳಲ್ಲಿ ಒಬ್ಬಳಾಗಿ, ಹೋಗುವುದು ಅಂತ ನಿರ್ಧಾರವಾಯಿತು. ಆದರೆ ಯಾವ ಮದನಿಕೆ? ಚೆನ್ನಕೇಶವ ದೇವಸ್ಥಾನದಲ್ಲಿ 42 ಜನ ಇದ್ದಾರೆ. 38 ಹೊರಗೆ ಸೂರಿನ ಕೆಳಗೆ, 4 ಒಳಗೆ ನವರಂಗದಲ್ಲಿ, ಅಂದರೆ ನಡುಮಂಟಪದಲ್ಲಿ. ಎಲ್ಲರಿಗೂ ಮೊದಲು ನೆನಪಾಗುವುದು ಕನ್ನಡಿ ಹಿಡಿದ ದರ್ಪಣ ಸುಂದರಿ. ನನಗೆ ಬೇಕಾಗಿದ್ದು ಬಿಲ್ಲು ಹಿಡಿದ ಬೇಟೆಗಾತಿ. ಅವಳಿಗಿಂತ ಜಾಸ್ತಿ, ಅವಳ ಅಕ್ಕಪಕ್ಕದ ಪುಟ್ಟ ಜನ. ಒಬ್ಬ ಹೆಗಲ ಮೇಲೆ ಬಿದಿರಿನ ಅಡ್ಡೆ ಹೊತ್ತಿದ್ದಾನೆ. ಒಂದು ತುದಿಗೆ ಜಿಂಕೆ, ಇನ್ನೊಂದು ತುದಿಗೆ ಕೊಕ್ಕರೆ. ಮತ್ತೊಂದು ಕಡೆ ಒಬ್ಬರ ಕಾಲಿಗೆ ಹೊಕ್ಕ ಮುಳ್ಳನ್ನು ಇನ್ನೊಬ್ಬರು ಕೂತು ಸೂಜಿಯಿಂದ ತೆಗೆಯುತ್ತಿದ್ದಾರೆ. ಕಾಡಿಗೆ ಹೋಗಿ ಬಂದವರ ಪಾಡೆಲ್ಲ ಒಂದೇ ಕಲ್ಲಿನಲ್ಲಿ ಇದೆ.

ಮೊದಲೇ ಒಂದು ವಿಷಯ ಗಟ್ಟಿ ಮಾಡಿಕೊಂಡೆ. ಮೈಗೆ ಬೂದು ಬಣ್ಣ ಬಳಿದುಕೊಂಡು ಶಿಲ್ಪದ ಹಾಗೆ ನಿಲ್ಲುವವರು ಇದ್ದಾರೆ, ಚೆನ್ನಾಗಿಯೂ ಕಾಣುತ್ತದೆ. ನನಗೆ ಅದು ಬೇಡ. ಆ ರೂವಾರಿ, ಅಂದರೆ ಶಿಲ್ಪಿ, ತನ್ನ ಸುತ್ತಮುತ್ತ ನೋಡಿದ ಹೆಂಗಸರು ಏನು ಉಟ್ಟಿರಬಹುದು, ಹೇಗೆ ಉಟ್ಟಿರಬಹುದು, ಅದನ್ನು ಹತ್ತಿ ಬಟ್ಟೆಯಲ್ಲಿ ಕಟ್ಟಿ ನೋಡಬೇಕು. ಉಟ್ಟ ಮೇಲೆ ಅದರಲ್ಲಿ ನಡೆಯೋಕೆ, ಕೂರೋಕೆ, ಬಿಲ್ಲು ಎತ್ತೋಕೆ ಆಗಬೇಕು.

ನೋಡುವ ಕೆಲಸ

ಹಾಸನದಿಂದ ಬೇಲೂರು ಸುಮಾರು 40 ಕಿ.ಮೀ. ಬೆಳಗಿನ ಮೊದಲ ಬಸ್ಸುಗಳಲ್ಲಿ ಹೋದರೆ ಓರೆ ಬಿಸಿಲು ಸಿಗುತ್ತದೆ. ಓರೆ ಬಿಸಿಲಿನಲ್ಲೇ ಬಟ್ಟೆಯ ಸಣ್ಣ ಗೆರೆಗಳು ಕಾಣೋದು. ನೆತ್ತಿಯ ಬಿಸಿಲಿನಲ್ಲಿ ಸೂರಿನ ನೆರಳು ಎಲ್ಲವನ್ನೂ ನುಂಗುತ್ತದೆ.

ಮದನಿಕೆಯರು ಗೋಡೆಗೆ ನೇರ ನಿಂತಿಲ್ಲ. ಸೂರಿನ ಕೆಳಗೆ ಮುಂದಕ್ಕೆ ಬಾಗಿದಂತೆ ಓರೆಯಾಗಿ ಕೂರಿಸಿದ್ದಾರೆ. ಕಾಲ ಬುಡದಲ್ಲೇ ನಿಂತು ಫೋಟೋ ತೆಗೆದರೆ ಅಳತೆಯೆಲ್ಲ ಹಾಳು: ಕಾಲು ದೊಡ್ಡದು, ತಲೆ ಚಿಕ್ಕದು. ದೇವಸ್ಥಾನ ನಿಂತಿರುವ ಎತ್ತರದ ಜಗತಿಯಿಂದ ಕೆಳಗಿಳಿದು, ಅಂಗಳದಲ್ಲಿ ದೂರ ನಿಂತು ಜೂಮ್ ಮಾಡಿ ತೆಗೆದ ಚಿತ್ರಗಳೇ ಕೆಲಸಕ್ಕೆ ಬಂದಿದ್ದು. ಒಡವೆಗಳ ಅಗಲ, ದಪ್ಪ ನೋಡೋಕೆ ಹಳೇಬೀಡೇ ವಾಸಿ. ಅಲ್ಲಿ ಗೋಡೆಯ ಶಿಲ್ಪಗಳು ಕಣ್ಣಿನ ಮಟ್ಟದಲ್ಲೇ ಇವೆ, ಪಕ್ಕದಲ್ಲಿ ಮ್ಯೂಸಿಯಂ ಕೂಡ ಇದೆ. ಅಡ್ಡೆ ಹೊರುವವನಾಗಿ ನನ್ನ ತಮ್ಮ ಬರುವುದಿತ್ತು; ಅವನ ಮೊಣಕಾಲುದ್ದದ ಪಂಚೆಗೂ ಹಳೇಬೀಡಿನ ಯುದ್ಧದ ಪಟ್ಟಿಕೆಗಳಲ್ಲಿರುವ ಕಾಲಾಳುಗಳೇ ಮಾದರಿ.

ಇಷ್ಟು ನಯವಾದ ಕೆತ್ತನೆ ಸಾಧ್ಯವಾಗಿದ್ದು ಬಳಪದ ಕಲ್ಲಿನಿಂದ. ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಒಡ್ಡಿಕೊಂಡ ಮೇಲೆ ಗಟ್ಟಿಯಾಗುತ್ತದೆ. ಹಾಗಾಗಿ ಒಂದೊಂದು ಮಣಿಯನ್ನೂ ಬಿಡಿಬಿಡಿಯಾಗಿ ಎಣಿಸಬಹುದು. ಒಳಗಿನ ಒಬ್ಬ ಮದನಿಕೆಯ ಕೈಬಳೆ ಕಲ್ಲಿನದೇ ಆದರೂ ಅಲುಗಾಡುತ್ತದೆ. ಅದರಿಂದ ನನಗೊಂದು ಉಪಯೋಗ ಆಯಿತು: ಬಳೆ ಸಡಿಲ, ತೋಳಬಂದಿ ಬಿಗಿ ಅಂತ ತೀರ್ಮಾನಿಸಿದೆ.

ಬಣ್ಣ

ಕಲ್ಲು ಬಣ್ಣ ಹೇಳೋದಿಲ್ಲ. ದೇವಸ್ಥಾನ ವಿಷ್ಣುವರ್ಧನನ ಕಾಲದ್ದು, 1117ರದು. ಆಗ ಕೃತಕ ಬಣ್ಣ ಇರಲಿಲ್ಲ. ಕೆಂಪಿಗೆ ಮಂಜಿಷ್ಠದ ಬೇರು, ಅರಗು. ನೀಲಿಗೆ ನೀಲಿ ಗಿಡ. ಹಳದಿಗೆ ಅರಿಶಿನ. ಅದೇ ಕಾಲದ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಬಟ್ಟೆಗೆ ಅಂತಲೇ ವಸ್ತ್ರೋಪಭೋಗ ಎನ್ನುವ ಭಾಗ ಇದೆ. ಅರಮನೆಯ ಜನ ಬಟ್ಟೆಯನ್ನು ಎಷ್ಟು ಅಕ್ಕರೆಯಿಂದ ನೋಡುತ್ತಿದ್ದರು ಅನ್ನೋದಕ್ಕೆ ಅದೇ ಸಾಕ್ಷಿ. ಹೊಳೆಯುವ ಸ್ಯಾಟಿನ್ ನನ್ನ ಪಟ್ಟಿಯಿಂದ ಅಲ್ಲೇ ಹೊರಗೆ ಹೋಯಿತು.

ತೆಳು ಮಲ್ಮಲ್ ತಂದು ಮಂಜಿಷ್ಠದಲ್ಲಿ ಬಣ್ಣ ಹಾಕಿದೆ. ಮಂಜಿಷ್ಠ, ಅಳಲೆಕಾಯಿ, ಪಟಿಕ ಮೂರೂ ಗ್ರಂದಿಗೆ ಅಂಗಡಿಯಲ್ಲಿ ಸಿಗುತ್ತವೆ. ಮಾಡುವವರಿಗಾಗಿ ಕ್ರಮ ಬರೆಯುತ್ತೇನೆ. ಮೊದಲು ಬಟ್ಟೆಯನ್ನು ಒಗೆಯುವ ಸೋಡಾ ಹಾಕಿದ ನೀರಿನಲ್ಲಿ ಕುದಿಸಿ ಗಂಜಿ, ಜಿಡ್ಡು ಎಲ್ಲ ತೆಗೆಯಬೇಕು. ಅರ್ಧ ಕೆ.ಜಿ. ಬಟ್ಟೆಗೆ 100 ಗ್ರಾಂ ಅಳಲೆಕಾಯಿ ಪುಡಿ ಕಲಸಿದ ನೀರಿನಲ್ಲಿ ರಾತ್ರಿ ನೆನೆಸಿ, ಹಿಂಡಿ ಒಣಗಿಸಬೇಕು. ಹತ್ತಿಗೆ ಬಣ್ಣ ಸುಲಭಕ್ಕೆ ಹತ್ತೋದಿಲ್ಲ, ಅಳಲೆಯ ಒಗರು ಪಟಿಕವನ್ನು ಹಿಡಿದುಕೊಳ್ಳುತ್ತದೆ, ಪಟಿಕ ಬಣ್ಣವನ್ನು ಹಿಡಿದುಕೊಳ್ಳುತ್ತದೆ. ಆಮೇಲೆ 100 ಗ್ರಾಂ ಪಟಿಕದ ನೀರು. ಕೊನೆಗೆ ಬಟ್ಟೆಯ ತೂಕದಷ್ಟೇ ಮಂಜಿಷ್ಠ ಪುಡಿ. ಬಿಸಿ 70 ಡಿಗ್ರಿ ದಾಟಬಾರದು, ದಾಟಿದರೆ ಕೆಂಪು ಕಂದು ಬಣ್ಣಕ್ಕೆ ತಿರುಗುತ್ತದೆ. ಕಬ್ಬಿಣದ ಪಾತ್ರೆ ಬೇಡವೇ ಬೇಡ, ಬಣ್ಣ ಕಪ್ಪಿಡುತ್ತದೆ. ದೊಡ್ಡ ಸ್ಟೀಲ್ ಪಾತ್ರೆಯೇ ಸರಿ.

ಬಂದ ಬಣ್ಣ ಇಟ್ಟಿಗೆ ಕೆಂಪು. ತಂತಿಯ ಮೇಲೆ ಒಣಗುವಾಗ ನೋಡುತ್ತಾ ನಿಂತುಬಿಟ್ಟೆ. ಪ್ಯಾಕೆಟ್ ಬಣ್ಣದಲ್ಲಿ ಇಂಥ ಕೆಂಪು ನಾನು ಕಂಡಿಲ್ಲ.

ಉಡುವುದು

ಇಲ್ಲೇ ಹೆಚ್ಚು ಹೊತ್ತು ಹಿಡಿಯಿತು. ಮದನಿಕೆಯರ ಬಟ್ಟೆ ಮೈಗೆ ಅಂಟಿಕೊಂಡಿರುತ್ತದೆ. ಎಷ್ಟೋ ಕಡೆ ಬಟ್ಟೆ ಇದೆ ಅಂತ ಗೊತ್ತಾಗುವುದೇ ಅಂಚಿನ ಒಂದು ತೆಳು ಗೆರೆಯಿಂದ. ನಾನು ಆರಿಸಿದ ಚಿತ್ರಗಳಲ್ಲಿ ಎರಡು ಕಾಲಿಗೂ ಬಟ್ಟೆ ಬೇರೆ ಬೇರೆಯಾಗಿ ಸುತ್ತಿದ ಹಾಗಿದೆ, ನಡುವೆ ನೆರಿಗೆ ಇಳಿಬಿದ್ದಿದೆ. ಮೊದಲು ಲುಂಗಿಯ ಹಾಗೆ ಬಿಗಿಯಾಗಿ ಸುತ್ತಿ ನೋಡಿದೆ. ದೊಡ್ಡಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಮಗಾ, ಹಿಂಗೆ ಉಟ್ಕಂಡ್ರೆ ಬೇಟೆ ಇರ್ಲಿ, ಹಟ್ಟಿ ಬಾಗ್ಲೂ ದಾಟಕ್ಕಾಗಲ್ಲ. ಕಚ್ಚೆ ಹಾಕು" ಅಂದರು.

ಸೊಂಟಕ್ಕೆ ಒಂದು ಗಂಟು. ಎಡಗಡೆಯ ಬಟ್ಟೆ ಎಡಗಾಲಿಗೆ ಸುತ್ತಿ ಹಿಂದಕ್ಕೆ. ಬಲಗಡೆಯದು ನೆರಿಗೆ ಹಿಡಿದು, ಅರ್ಧ ನೆರಿಗೆ ಮುಂದೆ ಬಿಟ್ಟು, ಉಳಿದದ್ದು ಕಾಲ ನಡುವಿನಿಂದ ಹಿಂದಕ್ಕೆ ತೆಗೆದು ಸಿಕ್ಕಿಸುವುದು. ದೊಡ್ಡಮ್ಮ ಹೇಳಿದ ಹಾಗೆ ಉಟ್ಟು ಬಿಲ್ಲು ಎತ್ತಿ ಕಾಲು ಅಗಲಿಸಿ ನಿಂತೆ. ಕನ್ನಡಿಯಲ್ಲಿ ಫೋಟೋದ ಗೆರೆಗಳೇ ಕಂಡವು. ಒಂದೂ ಪಿನ್ ಇಲ್ಲ, ಒಂದು ಹೊಲಿಗೆ ಇಲ್ಲ. 44 ಇಂಚು ಪನ್ನದ ಬಟ್ಟೆ ನಾಲ್ಕೂವರೆ ಮೀಟರ್ ಸಾಕು. ನೆರಿಗೆ ಹೊಲಿದು ಜಿಪ್ ಇಟ್ಟ ಬಾಡಿಗೆ ಉಡುಗೆಗಳಿಗೆ ಈ ಇಳಿತ ಬರಲ್ಲ. ನಮ್ಮ ಮನೆಗಳ ಹಿರಿಯರ ಕೈಗೆ ಗೊತ್ತಿರುವ ಉಡುಗೆಯನ್ನು ಮೊದಲು ಕೇಳಿ ಕಲಿಯಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಮೇಲಕ್ಕೆ ಮೈಬಣ್ಣದ ಕುಪ್ಪಸ, ಅದರ ಮೇಲೆ ಅದೇ ಕೆಂಪು ಬಟ್ಟೆಯ ಎದೆಪಟ್ಟಿ. ಶಿಲ್ಪದಲ್ಲಿ ಮೇಲ್ಮೈಗೆ ಹೆಚ್ಚಾಗಿ ಒಡವೆ ಮಾತ್ರ. ಜನಜಂಗುಳಿಯ ನಡುವೆ ಇಡೀ ದಿನ ಓಡಾಡಬೇಕಲ್ವಾ, ಅದಕ್ಕೆ ಈ ಬದಲಾವಣೆ.

ಡಾಬು, ತೋಳಬಂದಿ, ಬಿಲ್ಲು

ಒಡವೆಗೆ ಇವಿಎ ಫೋಮ್, ಅಂದರೆ ಚಪ್ಪಲಿ ಅಟ್ಟೆಗೆ ಬಳಸುವಂಥ ಹಗುರವಾದ ಮೆತ್ತನೆ ಹಾಳೆ. ಡಾಬಿನ ತಳಕ್ಕೆ 5 ಮಿ.ಮೀ., ಮೇಲಿನ ಹೂಬಳ್ಳಿಗೆ 2 ಮಿ.ಮೀ. ಹೀಟ್ ಗನ್ ಹಿಡಿದರೆ ಫೋಮಿನ ಮೇಲ್ಮೈ ಮುಚ್ಚಿಕೊಂಡು ನಯವಾಗುತ್ತದೆ. ಬಿಸಿ ಇರುವಾಗಲೇ ಬಗ್ಗಿಸಿ ಹಿಡಿದುಕೊಂಡರೆ ಆರಿದ ಮೇಲೂ ಅದೇ ಆಕಾರ. ರಬ್ಬರ್ ಅಂಟನ್ನು ಎರಡೂ ಕಡೆ ಹಚ್ಚಿ, ಕೈಗೆ ಅಂಟದಷ್ಟು ಒಣಗಿದ ಮೇಲೆ ಒತ್ತಬೇಕು. ಕಿಟಕಿ ತೆಗೆದು, ಮಾಸ್ಕ್ ಹಾಕಿಕೊಂಡೇ ಈ ಕೆಲಸ ಮಾಡಿ. ಮಣಿಸಾಲಿಗೆ ಅರ್ಧ ಮಣಿಗಳು, ಇಳಿಬಿದ್ದ ಸರಗಳಿಗೆ ಹತ್ತಿಯ ಹುರಿ, ತುದಿಗೆ ಗೊಂಡೆ. ನೀರು ಬೆರೆಸಿದ ಫೆವಿಕಾಲ್ ಮೂರು ಕೋಟ್ ಹೊಡೆದು, ಕಪ್ಪು ಅಕ್ರಿಲಿಕ್ ಬಳಿದು, ಒಣ ಬ್ರಷ್‌ನಲ್ಲಿ ಬಂಗಾರದ ಬಣ್ಣ. ತಗ್ಗುಗಳಲ್ಲಿ ಕಪ್ಪು ಉಳಿದುಕೊಂಡು ಹಳೆ ಒಡವೆಯ ಆಳ ಬರುತ್ತದೆ.

ಬೇಲೂರಿನ ಎಷ್ಟೋ ಶಿಲ್ಪಗಳ ಕೆಳಗೆ ಕೆತ್ತಿದವರ ಹೆಸರಿದೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಡಾಬಿನ ಒಳಮೈ ಮೇಲೆ ನಾವೂ ಹೆಸರು ಬರೆದೆವು. ನನ್ನದು, ತಮ್ಮನದು, ಕುಪ್ಪಸ ಹೊಲಿದ ಟೈಲರಣ್ಣನದು, ದೊಡ್ಡಮ್ಮನದು. ದೊಡ್ಡಮ್ಮ ತಾವೇ ಪೆನ್ನು ಹಿಡಿದು ಬರೆದರು.

ಬಿಲ್ಲಿಗೆ ಪಿವಿಸಿ ಪೈಪು, ಮೇಲೆ ಫೋಮು. ಬಾಣ ಬಿಡೋಕಾಗುವ ಬಿಲ್ಲು, ಲೋಹದ ಮೊನೆ ಇಂಥವನ್ನು ಒಳಗೆ ಬಿಡುವುದಿಲ್ಲ, ಗೇಟಿನಲ್ಲಿ ನೋಡಿ ಕಳಿಸುತ್ತಾರೆ. ಹೆದೆಗೆ ಸುಮ್ನೆ ಸಡಿಲ ಎಲಾಸ್ಟಿಕ್. ಅಡ್ಡೆಯೂ ಪೈಪೇ, ರೈಲಿನಲ್ಲಿ ಒಯ್ಯಲು ನಡುವೆ ಜೋಡಿಸುವ ಹಾಗೆ ಎರಡು ತುಂಡು. ಜಿಂಕೆ, ಕೊಕ್ಕರೆ ಬಟ್ಟೆಯವು, ಒಳಗೆ ಹತ್ತಿ. ಕೊಕ್ಕರೆಯ ಕತ್ತು ಜೋತುಬೀಳುವ ಹಾಗೆ ಮಾಡಿದ್ದು ಅಕ್ಕನ ಮಗಳು.

ಶನಿವಾರ, ಭಾನುವಾರ

ಹಾಸನದಿಂದ ಶ್ರವಣಬೆಳಗೊಳ, ಕುಣಿಗಲ್ ಮೇಲೆ ಹೋಗುವ ರೈಲು. ತಮ್ಮ ಅಡ್ಡೆ ಹೊತ್ತ, ನಾನು ಬಿಲ್ಲು ಹಿಡಿದೆ. ಸುತ್ತ ಸೂಪರ್‌ಹೀರೋಗಳು, ಜಪಾನಿ ಅನಿಮೆಯ ಕತ್ತಿವೀರರು, ರೆಕ್ಕೆ ಕಟ್ಟಿಕೊಂಡವರು. "ಶಾಂತಲೆನಾ?" ಅಂತ ಬಹಳ ಜನ ಕೇಳಿದರು. ಅಲ್ಲ, ಬೇಲೂರಿನ ಬೇಟೆಗಾತಿ ಅಂತ ಹೇಳಿ ಫೋನಿನಲ್ಲಿ ಶಿಲ್ಪ ತೋರಿಸಿದೆ. ಆಮೇಲೆ ಅವರೇ ಹೋಲಿಸುತ್ತಾ ಹೋದರು: ಡಾಬು ನೋಡು, ನೆರಿಗೆ ನೋಡು. ಅರಸೀಕೆರೆಯ ಒಬ್ಬ ಹುಡುಗಿ "ಅಕ್ಕಾ, ಇದು ನಮ್ಮ ಕಡೇದು!" ಅಂತ ಗೆಳತಿಯರನ್ನೆಲ್ಲ ಕರೆದುಕೊಂಡು ಬಂದಳು. ಇಡೀ ರಕ್ಷಾಕವಚ ಫೋಮಿನಲ್ಲಿ ಮಾಡಿದ್ದ ಒಬ್ಬರು ಡಾಬನ್ನು ತಿರುಗಿಸಿ, ಒಳಗಿನ ಹೆಸರುಗಳನ್ನು ಓದಿ, ತಾವೂ ಇನ್ನು ಮುಂದೆ ಬರೆಯುತ್ತೇನೆ ಅಂದರು.

ಎರಡು ದಿನವೂ ಕಚ್ಚೆ ಒಮ್ಮೆಯೂ ಜಾರಲಿಲ್ಲ. ಮೆಟ್ಟಿಲು ಹತ್ತಿದೆ, ನೆಲದ ಮೇಲೆ ಕೂತು ಊಟ ಮಾಡಿದೆ, ಮಕ್ಕಳ ಜೊತೆ ಮಂಡಿಯೂರಿ ಫೋಟೋಗೆ ನಿಂತೆ. ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಸಂತೋಷ ಕೊಟ್ಟಿದ್ದು ಇದು.

ಮುಂದಿನ ಕೆಲಸ ಮುಳ್ಳು ತೆಗೆಯುವ ಜೋಡಿ. ಅಕ್ಕನ ಮಗಳು ಸೂಜಿ ಹಿಡಿಯುತ್ತೇನೆ ಅಂದಿದ್ದಾಳೆ, ಮುಳ್ಳು ಚುಚ್ಚಿಸಿಕೊಳ್ಳುವ ಪಾತ್ರಕ್ಕೆ ಅವಳ ಗೆಳತಿಯನ್ನು ಕೇಳಬೇಕು. ಅವರಿಬ್ಬರ ಬಟ್ಟೆಗೆ ನೀಲಿ ಬಣ್ಣ ಹಾಕುವ ಯೋಚನೆ ಇದೆ. ನೀಲಿಯ ಹದ ಮಂಜಿಷ್ಠದ ಹಾಗಲ್ಲ, ನೀರಿನಲ್ಲಿ ಹುಳಿಯಿಸಿಯೇ ಕರಗಿಸಬೇಕು. ಮಳೆ ನಿಂತ ಮೇಲೆ ಹಿತ್ತಲಲ್ಲಿ ಮಡಕೆ ಇಡುತ್ತೇನೆ.