ಗುಳ್ಳೆ ಬರುತ್ತೆ ಅಂತ ಯಾರೂ ಹೇಳಲಿಲ್ಲ

ತಂಗಿ ಹಚ್ಚೆ ತೆಗೆಸಲು ಲೇಸರ್ ಮಾಡಿಸಿಕೊಂಡ ಮಾರನೇ ಬೆಳಿಗ್ಗೆ, ಅವಳ ಮುಂಗೈ ನೋಡಿ ನನ್ನ ಎದೆ ಧಸಕ್ಕೆಂದಿತು. ಹೆಸರು ಬರೆಸಿಕೊಂಡಿದ್ದ ಜಾಗದ ತುಂಬ ನೀರುಗುಳ್ಳೆಗಳು. ಸುತ್ತಲೂ ಊತ. "ಅಕ್ಕ, ಕೈ ಸುಟ್ಟುಹೋಯ್ತಾ?" ಎಂದು ಕೇಳಿದಳು. ಏನು ಹೇಳಬೇಕೋ ತಿಳಿಯಲಿಲ್ಲ.

ಹಿಂದಿನ ದಿನ ನಾನೂ ಜೊತೆಗಿದ್ದೆ. "ಇದರಿಂದ ತೊಂದರೆ ಏನಾದ್ರೂ ಆಗುತ್ತಾ?" ಎಂದು ಅವಳು ನೇರವಾಗಿಯೇ ಕೇಳಿದ್ದಳು. ಲೇಸರ್ ಮಾಡುವ ಹುಡುಗ ಫೋನಿನಿಂದ ತಲೆ ಎತ್ತದೆ, "ಏನೂ ಆಗಲ್ಲ ಮೇಡಂ" ಎಂದ. ಕಣ್ಣಿಗೆ ಕನ್ನಡಕ ಕೊಟ್ಟ, ಅದೊಂದು ಸರಿಯಾಗಿ ಮಾಡಿದ. ಕಪ್ಪು ಶಾಯಿಗೆ ಬಳಸುವ 1064 ನ್ಯಾನೊಮೀಟರ್ ಅಲೆಯುದ್ದದ ಲೇಸರ್ ಕಿರಣ ಕಣ್ಣಿಗೆ ಕಾಣುವುದೇ ಇಲ್ಲ, ಆದರೆ ಕಣ್ಣಿನೊಳಗಿನ ಪರದೆಯನ್ನು ಸುಟ್ಟುಬಿಡಬಲ್ಲದು.

ಏನೂ ಆಗಲ್ಲ ಮೇಡಂ. ಈ ವಾರವಿಡೀ ಅದೇ ಮಾತು ನನ್ನ ತಲೆಯಲ್ಲಿ ತಿರುಗುತ್ತಿದೆ.

ಚರ್ಮದ ಡಾಕ್ಟರ ಹತ್ತಿರ ಓಡಿದೆವು. ಅವರು ಕೈ ನೋಡಿ, "ಗುಳ್ಳೆ ಬರೋದು ಮಾಮೂಲು. ಒಡೆಯಬೇಡಿ, ಕೆರೆಯಬೇಡಿ, ಬಿಸಿಲಿಗೆ ಒಡ್ಡಬೇಡಿ" ಎಂದರು. ಕೀವು, ಜ್ವರ, ಹರಡುತ್ತಾ ಹೋಗುವ ಕೆಂಪು ಕಂಡರೆ ಮಾತ್ರ ತಕ್ಷಣ ಬರಬೇಕಂತೆ. ಇಷ್ಟು ಹೇಳಲು ಅರ್ಧ ನಿಮಿಷ ಸಾಕಾಯಿತು. ಈ ಅರ್ಧ ನಿಮಿಷ ಆ ಹುಡುಗನಿಗೆ ಇರಲಿಲ್ಲವಾ? ಅವನು ಕೆಟ್ಟವನೇನಲ್ಲ. ಹೆದರಿಸಿದರೆ ಗಿರಾಕಿ ಎದ್ದುಹೋಗುತ್ತಾರೆ ಎಂದು ಅವನಿಗೆ ಯಾರೋ ಕಲಿಸಿರಬೇಕು. ಆದರೆ ಹೆದರಿಕೆ ಹೋಗಲಿಲ್ಲ, ಮಾರನೇ ದಿನ ಇಮ್ಮಡಿಯಾಗಿ ಬಂತು, ಅಲ್ವಾ?

ಡಾಕ್ಟರು ಕೇಳಿದ ಒಂದು ಪ್ರಶ್ನೆ ನನಗೆ ಇನ್ನೂ ಜಾಸ್ತಿ ತಟ್ಟಿತು. "ಹಿಂದೆ ಯಾವುದಾದ್ರೂ ಗಾಯ ಉಬ್ಬಿ ದಪ್ಪಗಾಗಿತ್ತಾ?" ತಂಗಿಗೆ ಕಿವಿ ಚುಚ್ಚಿಸಿದ ಜಾಗ ಗಂಟಿನಂತೆ ಬೆಳೆದಿದೆ. ಅದು ಕೀಲಾಯ್ಡ್. ಅಂಥವರಿಗೆ ಲೇಸರ್ ಮಾಡಿದ ಕಡೆಯೂ ಹಾಗಾಗುವ ಸಾಧ್ಯತೆ ಇರುತ್ತದೆ. ಅಲ್ಲಿ ಇದನ್ನು ಯಾರೂ ಕೇಳಿರಲೇ ಇಲ್ಲ. ಕಿವಿ ಎದುರಿಗೇ ಕಾಣುತ್ತಿತ್ತು.

ಚರ್ಮದ ಬಣ್ಣದ ಮಾತೂ ಬಂತು. ಲೇಸರ್ ಶಾಯಿಯನ್ನು ಪುಡಿಮಾಡುತ್ತದೆ, ಆ ಪುಡಿಯನ್ನು ಮೈಯೇ ನಿಧಾನವಾಗಿ ಸಾಗಿಸುತ್ತದೆ. ಆದರೆ ನಮ್ಮ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಕೂಡ ಆ ಬೆಳಕನ್ನು ಹೀರುತ್ತದೆ. ಹಾಗಾಗಿ ಕಪ್ಪು ಮೈಬಣ್ಣದವರಿಗೆ ಆ ಜಾಗ ಬೆಳ್ಳಗಾಗುವ, ಇಲ್ಲವೇ ಇನ್ನೂ ಕಪ್ಪಾಗುವ ಅಪಾಯ ಹೆಚ್ಚು. ತಿಂಗಳುಗಟ್ಟಲೆ ಉಳಿಯಬಹುದು, ಕೆಲವರಿಗೆ ಹೋಗದೆಯೂ ಇರಬಹುದು. ಹೆಸರು ಅಳಿಸಲು ಹೋಗಿ ಅದೇ ಆಕಾರದ ಬಿಳಿ ಕಲೆ ಉಳಿದರೆ ಅಳಿಸಿದಂತಾಯಿತೇ? ನನಗೆ ಸಿಟ್ಟು ಬಂದದ್ದು ಇಲ್ಲೇ. ಮಾಡಿಸಬೇಕೋ ಬೇಡವೋ ಎಂದು ತೀರ್ಮಾನಿಸುವವಳು ಅವಳು. ಕೈ ಅವಳದು. ಗೊತ್ತಿದ್ದೂ ಅವಳು ಒಪ್ಪಿಕೊಂಡಿರುತ್ತಿದ್ದಳೇನೋ, ಆ ಅವಕಾಶವನ್ನೇ ಕೊಡಲಿಲ್ಲವಲ್ಲ.

ಹೆಸರಿನ ಪಕ್ಕದಲ್ಲಿ ತಿಳಿ ಗುಲಾಬಿ ಬಣ್ಣದ ಹೂವೂ ಇದೆ. ಅದೃಷ್ಟಕ್ಕೆ ಅದನ್ನು ಮುಂದಿನ ಸಲಕ್ಕೆ ಬಿಟ್ಟಿದ್ದರು. ಬಿಳಿ, ಗುಲಾಬಿ, ಮೈಬಣ್ಣದ ಶಾಯಿಗಳಲ್ಲಿ ಟೈಟಾನಿಯಂ ಡೈಆಕ್ಸೈಡ್ ಅಥವಾ ಕಬ್ಬಿಣದ ಆಕ್ಸೈಡ್ ಇದ್ದರೆ ಲೇಸರ್ ಬಿದ್ದ ಕ್ಷಣದಲ್ಲೇ ಕಪ್ಪಾಗಿಬಿಡಬಹುದು. ಅದನ್ನು ತೆಗೆಯುವುದು ಇನ್ನೂ ಕಷ್ಟ.

ಈಗ ಗುಳ್ಳೆ ಬತ್ತಿ ಹಕ್ಕಳೆ ಕಟ್ಟುತ್ತಿದೆ. ಮುಂದಿನ ಸಲಕ್ಕೆ ಆರರಿಂದ ಎಂಟು ವಾರ ಕಾಯಬೇಕು, ಈ ಡಾಕ್ಟರ ಹತ್ತಿರವೇ. ಗಾಯ ಮಾಗುವ ರೀತಿ ನೋಡಿ ಮುಂದುವರಿಸಬೇಕೋ ಬೇಡವೋ ಹೇಳುತ್ತಾರೆ. ಹೂವಿನ ಮೇಲೆ ಮೊದಲು ಒಂದೇ ಒಂದು ಸಣ್ಣ ಚುಕ್ಕೆಯಷ್ಟು ಜಾಗದಲ್ಲಿ ಲೇಸರ್ ಬಿಟ್ಟು ನೋಡೋಣ, ಕಪ್ಪಾದರೆ ಅಲ್ಲಿಗೇ ನಿಲ್ಲಿಸೋಣ ಎಂದಿದ್ದಾರೆ.