ಬೆಳಗ್ಗೆ ಏಳದ ಕಾಲು, ಮಧ್ಯಾಹ್ನ ಕುಂಟೆಬಿಲ್ಲೆ

13 ಜುಲೈ 2025, ಭಾನುವಾರ
ಸಾಗರ

ನಿನ್ನೆ ರಾತ್ರಿ ಮಾತ್ರೆಯ ದಿನ. ಹಾಗಾಗಿ ಇವತ್ತು ಮಗಳು ಪುಟ್ಟಿಗೆ ಹೊಟ್ಟೆ ತೊಳೆಸುವ ದಿನ. ದೋಸೆ ಕಾವಲಿಯ ವಾಸನೆಗೇ ಮೂಗು ಮುಚ್ಚಿಕೊಂಡಳು. ಒಂದು ಲೋಟ ಗಂಜಿ ಕುಡಿದು, ನಿಂಬೆ ಉಪ್ಪಿನಕಾಯಿಯ ರಸ ನೆಕ್ಕಿ ಮತ್ತೆ ಕಂಬಳಿ ಎಳೆದುಕೊಂಡಳು. ಅವಳ ಕೀಲುರೋಗಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ನೋಡಲು ಹಳದಿ ಬಣ್ಣದ ಸಣ್ಣ ಮಾತ್ರೆ. ಈಗೀಗ ಹಳದಿ ಬಣ್ಣದ ಫ್ರಾಕು ಕಂಡರೂ ಅವಳಿಗೆ ಆಗುವುದಿಲ್ಲ. ವಾರಕ್ಕೆ ಒಂದೇ ಸಲ ಕೊಡಬೇಕು. ಮರೆತು ದಿನಾ ಕೊಟ್ಟರೆ ರಕ್ತಕಣಗಳು ಕುಸಿದು ಜೀವಕ್ಕೇ ಅಪಾಯ. ಅದಕ್ಕೇ ಮಾತ್ರೆ ನನ್ನ ಬೀರುವಿನಲ್ಲಿ, ಬೀಗದ ಕೈ ನನ್ನ ಸೊಂಟದಲ್ಲಿ. ಮನೆಯಲ್ಲಿ ಬೇರೆ ಯಾರೂ ಕೊಡುವ ಹಾಗಿಲ್ಲ. ಭಾನುವಾರ ಶಾಲೆ ಇಲ್ಲ, ಮಲಗಿದರೆ ಮಲಗಲಿ ಎಂದು ಶನಿವಾರ ರಾತ್ರಿಯನ್ನೇ ಗೊತ್ತು ಮಾಡಿಕೊಂಡಿದ್ದೇವೆ.

ಅವಳು ಎದ್ದಿಲ್ಲ, ಹೊರಗೆ ಮಳೆ ಬಿಟ್ಟಿಲ್ಲ. ಬರೆಯಲು ಕೂತಿದ್ದೇನೆ. ಗುರುವಾರದಿಂದ ಮನಸ್ಸು ಕುದಿಯುತ್ತಿದೆ.

ಗುರುವಾರ ಶಾಲೆಯಿಂದ ಕರೆ ಬಂದಿತ್ತು. ಹೋದೆ. "ನೋಡಿ, ಬೆಳಗ್ಗೆ ಪ್ರಾರ್ಥನೆಗೆ ನಿಲ್ಲೋಕೆ ಆಗಲ್ಲ ಅಂತ ಕುಂಟ್ಕೊಂಡು ಬರ್ತಾಳೆ. ಮಧ್ಯಾಹ್ನ ಊಟದ ಬಿಡುವಲ್ಲಿ ಕುಂಟೆಬಿಲ್ಲೆ ಆಡ್ತಾಳೆ. ನೀವು ಸ್ವಲ್ಪ ಮುದ್ದು ಜಾಸ್ತಿ ಮಾಡಿದೀರಿ" ಅಂದರು ಟೀಚರ್. ಪುಟ್ಟಿ ಬಾಗಿಲ ಹೊರಗೇ ನಿಂತಿದ್ದಳು. ಕೇಳಿಸಿಕೊಂಡಳು.

ಟೀಚರ್ ಕೆಟ್ಟವರಲ್ಲ, ಕಂಡದ್ದನ್ನೇ ಹೇಳಿದರು. ಆದರೆ ಅವರಿಗೆ ಕಂಡದ್ದೇ ಈ ಕಾಯಿಲೆಯ ಗುರುತು. ದೇಹದ ರೋಗನಿರೋಧಕ ಶಕ್ತಿ ತನ್ನದೇ ಕೀಲುಗಳ ಒಳಪೊರೆಯ ಮೇಲೆ ತಿರುಗಿಬಿದ್ದು, ಆ ಪೊರೆ ಊದಿ, ಒಳಗೆ ನೀರು ತುಂಬುತ್ತದೆ. ರಾತ್ರಿಯೆಲ್ಲ ಅಲ್ಲಾಡದೆ ಮಲಗಿದ ಕೀಲು ಮಳೆಗಾಲದಲ್ಲಿ ಉಬ್ಬಿ ಕೂತ ಬಾಗಿಲಿನ ಹಾಗೆ ಬಿಗಿದುಕೊಳ್ಳುತ್ತದೆ. ಆಡಿಸುತ್ತಾ ಆಡಿಸುತ್ತಾ ಸಡಿಲವಾಗುತ್ತದೆ. ಬೆಳಗಿನ ನೋವೂ ನಿಜ, ಮಧ್ಯಾಹ್ನದ ಆಟವೂ ನಿಜ. ಬಿದ್ದು ಪೆಟ್ಟಾದ ಕಾಲಾಗಿದ್ದರೆ ಆಡಿದಷ್ಟೂ ನೋಯುತ್ತಿತ್ತು. ಇದು ಅದಲ್ಲ.

ನಮ್ಮ ಬೆಳಗು ಬಚ್ಚಲು ಮನೆಯಲ್ಲಿ ಶುರುವಾಗುತ್ತದೆ. ಅವರಪ್ಪ ಐದೂವರೆಗೆ ಎದ್ದು ಒಲೆಗೆ ಅಡಿಕೆ ಸಿಪ್ಪೆ ತುರುಕಿ ಹಂಡೆ ಕಾಯಿಸುತ್ತಾರೆ. ನಾನು ಅವಳನ್ನು ಎತ್ತಿಕೊಂಡೇ ಹೋಗುತ್ತೇನೆ, ಒಂಬತ್ತು ವರ್ಷದವಳನ್ನು. ಬಿಸಿ ನೀರು ಎಡ ಮಂಡಿಯ ಮೇಲೆ ಹೊಯ್ದ ಹಾಗೆ ಮಡಚಿದ ಕಾಲು ಸ್ವಲ್ಪ ಸ್ವಲ್ಪವೇ ಚಾಚುತ್ತದೆ. ಆಮೇಲೆ ಗೋಡೆ ಹಿಡಿದು ನಿಲ್ಲುತ್ತಾಳೆ. ಕೆಲವು ದಿನ ಅರ್ಧ ಗಂಟೆಗೆ ಮುಗಿಯುತ್ತದೆ. ಆಷಾಢದ ಈ ಥಂಡಿಯಲ್ಲಿ ಒಂದೂವರೆ ಗಂಟೆ ಹಿಡಿದದ್ದೂ ಇದೆ. ಸಮವಸ್ತ್ರ ಹಾಕಿ, ಜಡೆ ಹೆಣೆದು ಅವಳು ಶಾಲೆಯ ಗೇಟು ದಾಟುವಾಗ ಇದ್ಯಾವುದೂ ಯಾರಿಗೂ ಕಾಣುವುದಿಲ್ಲ.

ನಾಲ್ಕು ವರ್ಷದವಳಿದ್ದಾಗ ಮಂಡಿ ಊದಿತು. ನೋವು ಅನ್ನಲಿಲ್ಲ, ಬರೀ ಕುಂಟಿದಳು. ಎಲ್ಲೋ ಬಿದ್ದಿರಬೇಕು ಅಂದರು. ಒಬ್ಬ ವೈದ್ಯರು ಗಂಟಲು ಸೋಂಕಿನ ನಂತರ ಬರುವ ರುಮ್ಯಾಟಿಕ್ ಜ್ವರ ಎಂದು ಪೆನಿಸಿಲಿನ್ ಚುಚ್ಚಿದರು. ಆ ಜ್ವರದಲ್ಲಿ ನೋವು ಒಂದು ಕೀಲಿನಿಂದ ಇನ್ನೊಂದಕ್ಕೆ ಹಾರಿ, ಕೆಲವು ವಾರಗಳಲ್ಲಿ ಇಳಿಯುತ್ತದಂತೆ. ಇವಳದ್ದು ಎಡ ಮಂಡಿಯಲ್ಲೇ ಬೇರು ಬಿಟ್ಟಿತ್ತು. ಅತ್ತೆ ಲಕ್ಕಿ ಸೊಪ್ಪು ಬಿಸಿ ಮಾಡಿ ಶಾಖ ಕೊಟ್ಟರು, ವಾಯು ಎಂದು ಆಲೂಗಡ್ಡೆ, ಹಲಸು ಎರಡನ್ನೂ ನಿಲ್ಲಿಸಿದರು. ಶಾಖದಿಂದ ಮಗುವಿಗೆ ಹಿತವಾಗಿದ್ದು ನಿಜ, ಆದರೆ ಊತ ಇಳಿಯಲಿಲ್ಲ. ಕೊನೆಗೆ ರಾತ್ರಿ ರೈಲು ಹತ್ತಿ ಬೆಂಗಳೂರಿಗೆ ಹೋದಾಗ ಮಕ್ಕಳ ಕೀಲುರೋಗದ ಡಾಕ್ಟರು ಹೆಸರು ಹೇಳಿದರು: ಜುವೆನೈಲ್ ಇಡಿಯೋಪಥಿಕ್ ಆರ್ಥ್ರೈಟಿಸ್, ಅಂದರೆ ಕಾರಣ ತಿಳಿಯದ ಮಕ್ಕಳ ಸಂಧಿವಾತ. 16 ವರ್ಷ ತುಂಬುವ ಮೊದಲು ಶುರುವಾಗಿ, 6 ವಾರಕ್ಕಿಂತ ಹೆಚ್ಚು ಉಳಿದು, ಬೇರೆ ಕಾರಣ ಸಿಗದಿದ್ದರೆ ಈ ಹೆಸರು. ಮಕ್ಕಳಿಗೆ ಸಂಧಿವಾತವೇ ಎಂದು ಈಗಲೂ ಬಾಯಿ ಬಿಡುವವರಿದ್ದಾರೆ. ಲಂಡನ್ನಿನ ಜಾರ್ಜ್ ಸ್ಟಿಲ್ ಎಂಬ ವೈದ್ಯರು ಮಕ್ಕಳ ಕೀಲುರೋಗದ ಬಗ್ಗೆ ಬರೆದದ್ದು 1897ರಲ್ಲಿ!

ಈ ಕಾಯಿಲೆ ಇರುವ ಮಗುವಿನ ಅಪ್ಪ ಅಮ್ಮ ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಕಣ್ಣಿನ ತಪಾಸಣೆ ಬಿಡಬೇಡಿ. ಕೀಲಿನ ಜೊತೆಗೆ ಕಣ್ಣಿನೊಳಗೂ ಉರಿಯೂತ ಬರಬಹುದು, ಯುವಿಯೈಟಿಸ್ ಅನ್ನುತ್ತಾರೆ. ಹೆಚ್ಚಿನ ಮಕ್ಕಳಲ್ಲಿ ಕಣ್ಣು ಕೆಂಪಾಗುವುದಿಲ್ಲ, ನೋಯುವುದಿಲ್ಲ, ಮಗು ಏನೂ ಹೇಳುವುದಿಲ್ಲ. ಕಣ್ಣಿನ ಡಾಕ್ಟರು ಸ್ಲಿಟ್ ಲ್ಯಾಂಪ್ ಎಂಬ ದೀಪವಿರುವ ಸೂಕ್ಷ್ಮದರ್ಶಕ ಇಟ್ಟು ನೋಡಿದರಷ್ಟೇ ಗೊತ್ತಾಗುವುದು. ಹಾಗೇ ಬಿಟ್ಟರೆ ಕಣ್ಣಿನ ಪೊರೆ, ಗ್ಲಾಕೋಮಾ ಬಂದು ದೃಷ್ಟಿಯೇ ಹೋಗಬಹುದು. ತೀರಾ ಚಿಕ್ಕ ವಯಸ್ಸಿಗೆ ಶುರುವಾಗಿ, ರಕ್ತದಲ್ಲಿ ಎಎನ್ಎ (ದೇಹದ ಸ್ವಂತ ಜೀವಕೋಶಗಳ ಮೇಲೇ ತಿರುಗುವ ಪ್ರತಿಕಾಯ) ಪಾಸಿಟಿವ್ ಬಂದ ಪುಟ್ಟಿಯಂಥವರಿಗೆ ಅಪಾಯ ಹೆಚ್ಚು. ಅದಕ್ಕೇ ಮೂರು ತಿಂಗಳಿಗೊಮ್ಮೆ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗುತ್ತೇವೆ. ಮಂಡಿ ಚೆನ್ನಾಗಿರುವ ತಿಂಗಳಲ್ಲೂ ಹೋಗುತ್ತೇವೆ, ಕಣ್ಣಿಗೂ ಮಂಡಿಗೂ ಒಂದೇ ಕಾಲಕ್ಕೆ ಬರಬೇಕೆಂದೇನಿಲ್ಲ.

ಮಾತ್ರೆಯ ಬಗ್ಗೆ ನೆಂಟರ ಮಾತು ಇನ್ನೊಂದು. "ಕ್ಯಾನ್ಸರ್ ಔಷಧಿಯಂತೆ, ಮಗೂಗೆ ಕೊಡ್ತೀಯೇನೇ?" ಕ್ಯಾನ್ಸರಿಗೆ ಕೊಡುವುದು ಹೌದು, ಅಲ್ಲಿ ಪ್ರಮಾಣ ಎಷ್ಟೋ ಪಟ್ಟು ಹೆಚ್ಚು. 1992ರಲ್ಲಿ ಅಮೆರಿಕದ ಮತ್ತು ಸೋವಿಯತ್ ವೈದ್ಯರು ಸೇರಿ 127 ಮಕ್ಕಳ ಮೇಲೆ ನಡೆಸಿದ ಅಧ್ಯಯನ ಪ್ರಕಟವಾಯಿತು. ವಾರಕ್ಕೊಮ್ಮೆ ಸಣ್ಣ ಪ್ರಮಾಣದಲ್ಲಿ ಕೊಟ್ಟರೆ ಕೆಲಸ ಮಾಡುತ್ತದೆ ಎಂದು ಅದರಲ್ಲಿ ಕಂಡಿತು. ಆ 127 ಮಕ್ಕಳನ್ನು ನಾನು ಆಗಾಗ ನೆನೆಯುತ್ತೇನೆ. ಅವರಲ್ಲಿ ಕೆಲವರಿಗೆ ಔಷಧಿಯೇ ಇಲ್ಲದ ಮಾತ್ರೆ ಸಿಕ್ಕಿತ್ತು. ಅವರ ಅಮ್ಮಂದಿರು ಒಪ್ಪಿದ್ದರಿಂದ ನನ್ನ ಮಗಳು ನಡೆಯುತ್ತಿದ್ದಾಳೆ. ಅವರೆಲ್ಲರ ಋಣ ನಮ್ಮ ಮೇಲಿದೆ.

ಊದಿದ ಮಂಡಿಗೆ ರಕ್ತ ಹೆಚ್ಚು ಹರಿದು ಆ ಕಾಲಿನ ಮೂಳೆ ಬೇಗ ಬೆಳೆಯುತ್ತದೆ. ಪುಟ್ಟಿಯ ಎಡಗಾಲು ಬಲಗಾಲಿಗಿಂತ ಒಂದು ಸೆಂಟಿಮೀಟರ್ ಉದ್ದ. ಪೇಟೆಯಲ್ಲಿ ಚಪ್ಪಲಿ ಹೊಲಿಯುವ ಅಜ್ಜ ಬಲಗಾಲಿನ ಶೂವಿಗೆ ಒಂದು ಪದರ ಅಟ್ಟೆ ಅಂಟಿಸಿ, ಅಂಚನ್ನು ನುಣ್ಣಗೆ ಉಜ್ಜಿ, ಕಪ್ಪು ಪಾಲಿಶ್ ಬಳಿದುಕೊಟ್ಟರು. ಹೊಸದಾಗಿ ಸೇರಿಸಿದ್ದು ಎಂದು ಯಾರಿಗೂ ಗೊತ್ತಾಗಬಾರದು ಅಂತ ಅವರೇ ಹೇಳಿ ಮಾಡಿದ್ದು.

"ಇದು ಯಾವಾಗ ಹೋಗತ್ತೆ ಅಮ್ಮ?" ಎಂದು ಕೇಳುತ್ತಿರುತ್ತಾಳೆ. ಹೋಗಬಹುದು, ಎಷ್ಟೋ ಮಕ್ಕಳಿಗೆ ಔಷಧಿ ನಿಲ್ಲಿಸುವಷ್ಟು ಹುಷಾರಾಗುತ್ತದೆ, ಕೆಲವರಿಗೆ ದೊಡ್ಡವರಾದ ಮೇಲೂ ಇರುತ್ತದೆ, ನಿನ್ನದು ಯಾವುದೆಂದು ಡಾಕ್ಟರಿಗೂ ಈಗಲೇ ಹೇಳಲು ಬರುವುದಿಲ್ಲ ಎಂದೇ ಹೇಳುತ್ತೇನೆ. ಗುರುವಾರ ಸಂಜೆ ಮಾತ್ರ ಬೇರೆ ಕೇಳಿದಳು. "ನಾನು ಆಟ ಆಡೋದು ಬಿಟ್ರೆ ಟೀಚರ್ ನಂಬ್ತಾರಾ?"

ಅದಕ್ಕೇ ನಿನ್ನೆ ಟೀಚರ್‌ಗೆ ಪತ್ರ ಬರೆದೆ. ಪ್ರಾರ್ಥನೆಗೆ ಕುರ್ಚಿ ಕೊಡಿ. ನೆಲದ ಮೇಲೆ ಚಕ್ಕಳಮಕ್ಕಳ ಕೂರಿಸಬೇಡಿ. ಪಾಠದ ನಡುವೆ ಒಮ್ಮೆ ಎದ್ದು ಓಡಾಡಲು ಬಿಡಿ, ಕೂತಷ್ಟೂ ಬಿಗಿಯುತ್ತದೆ. ಕುಂಟೆಬಿಲ್ಲೆ ಮಾತ್ರ ತಪ್ಪಿಸಬೇಡಿ, ಆಟದಿಂದಲೇ ಅವಳ ತೊಡೆಯ ಸ್ನಾಯು ಉಳಿದಿರುವುದು. ಡಾಕ್ಟರ ಚೀಟಿಯ ನಕಲೂ ಜೊತೆಗಿದೆ. ಟೀಚರ್ ಮನೆ ನಮ್ಮ ಮುಂದಿನ ಬೀದಿಯಲ್ಲೇ. ಸೋಮವಾರ ಬೆಳಗ್ಗೆ ಆರಕ್ಕೆ ನಮ್ಮಲ್ಲಿಗೇ ಕಾಫಿಗೆ ಬನ್ನಿ, ಪುಟ್ಟಿ ಏಳುವ ಹೊತ್ತು ಅದು, ನೀವೇ ನೋಡಿ ಎಂದು ಕೊನೆಗೆ ಬರೆದಿದ್ದೇನೆ. ಪುಟ್ಟಿಯನ್ನು ಕೇಳಿಯೇ ಬರೆದದ್ದು. ಬರಲಿ ಅಂದಳು.